ಈಜುಕೊಳದ ಪಂಪ್ ಗಾಳಿ ಎಳೆಯುತ್ತಿದ್ದರೆ ಎಲ್ಲಿ ಹುಡುಕಬೇಕು

ಕೊಳದ ಗೋಡೆಯ ಇನ್‌ಲೆಟ್‌ಗಳಿಂದ ನೀರಿನ ಜೊತೆ ಗುಳ್ಳೆ ಬರುತ್ತದೆ. ಫಿಲ್ಟರಿನ ಪ್ರೆಶರ್ ಗೇಜ್ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಪಂಪಿನ ಸ್ಟ್ರೈನರ್ (ಕಸ ಹಿಡಿಯುವ ಬುಟ್ಟಿ ಕೂರುವ ಡಬ್ಬಿ) ಮುಚ್ಚಳದೊಳಗೆ ನೀರು ಪೂರ್ತಿ ತುಂಬದೆ ಕೊತಕೊತ ಕುದಿಯುವಂತೆ ಕಾಣುತ್ತದೆ. ಇವು ಒಟ್ಟಿಗೆ ಕಂಡರೆ ಪಂಪ್ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಬುಟ್ಟಿ ತೊಳೆದ ಮೇಲೆ ಅಥವಾ ಬ್ಯಾಕ್‌ವಾಶ್ (ಫಿಲ್ಟರಿಗೆ ಉಲ್ಟಾ ನೀರು ಹರಿಸಿ ತೊಳೆಯುವುದು) ಆದ ಮೇಲೆ ಕೆಲವು ನಿಮಿಷ ಬರುವ ಗುಳ್ಳೆಗೆ ತಲೆಕೆಡಿಸಿಕೊಳ್ಳಬೇಡಿ.

ಪಂಪಿನಿಂದ ಮುಂದಕ್ಕೆ ಪೈಪಿನಲ್ಲಿ ಒತ್ತಡವಿರುತ್ತದೆ; ಅಲ್ಲಿ ಬಿರುಕಿದ್ದರೆ ನೀರು ಹೊರಗೆ ಬರುತ್ತದೆ. ಗಾಳಿ ಒಳನುಗ್ಗುವುದು ಪಂಪಿನ ಹಿಂದಿನ, ನೀರು ಎಳೆಯುವ ಸಕ್ಷನ್ ಭಾಗದಲ್ಲಿ ಮಾತ್ರ. ಹಾಗಾಗಿ ಮೋಟಾರ್ ಓಡುವಾಗ ಒಂದು ಹನಿಯೂ ಸೋರದ ಜಾಯಿಂಟನ್ನೇ ಮೊದಲು ಅನುಮಾನಿಸಿ. ಪಂಪ್ ರೂಮ್ ಬೇಸ್‌ಮೆಂಟಿನಲ್ಲಿ, ಕೊಳಕ್ಕಿಂತ ಕೆಳಗಿದ್ದರೆ ಕೆಲಸ ಸುಲಭ: ಮೋಟಾರ್ ನಿಲ್ಲಿಸಿ, ವಾಲ್ವ್‌ಗಳನ್ನು ತೆರೆದೇ ಇಟ್ಟು, ಪ್ರತಿ ಜಾಯಿಂಟಿಗೂ ಒಣ ನ್ಯೂಸ್‌ಪೇಪರ್ ಚೂರು ಸುತ್ತಿ. ಓಡುವಾಗ ಗಾಳಿ ಎಳೆಯುವ ಜಾಗ ನಿಂತಾಗ ನೀರು ಜಿನುಗಿಸಿ ಕಾಗದ ತೋಯಿಸುತ್ತದೆ.

ಪಾನಾ ಹಿಡಿಯುವ ಮೊದಲು ನೀರಿನ ಮಟ್ಟ ನೋಡಿ. ಸ್ಕಿಮ್ಮರ್ (ಮೇಲ್ಮೈ ನೀರನ್ನು ಕಸದ ಸಮೇತ ಎಳೆಯುವ ಗೋಡೆಯ ಬಾಯಿ) ಇರುವ ಕೊಳದಲ್ಲಿ ನೀರು ಅದರ ಬಾಯಿಯ ಅರ್ಧದಷ್ಟಾದರೂ ಇರಬೇಕು. ಅದರ ಬಾಗಿಲು ಸಿಕ್ಕಿಹಾಕಿಕೊಂಡಿದ್ದರೂ ಒಳಗೆ ಸುಳಿ ಎದ್ದು ಗಾಳಿ ಹೋಗುತ್ತದೆ. ಓವರ್‌ಫ್ಲೋ ಕೊಳವಾದರೆ ಬ್ಯಾಲೆನ್ಸಿಂಗ್ ಟ್ಯಾಂಕ್ ನೋಡಿ. ಜನ ಇಳಿದಾಗ ಉಕ್ಕಿದ ನೀರು ಅಲ್ಲಿ ಸೇರುತ್ತದೆ, ಎದ್ದು ಹೋದ ಮೇಲೆ ಕೊಳ ಮತ್ತೆ ತುಂಬಲು ಅದೇ ನೀರು ಬೇಕು, ಟ್ಯಾಂಕಿನ ಮಟ್ಟ ಇಳಿಯುತ್ತದೆ. ಭಾನುವಾರ ಸಂಜೆ ಮಾತ್ರ ಗುಳ್ಳೆ ಬರುತ್ತದೆ ಎಂಬ ದೂರಿದ್ದರೆ ಪೈಪಲ್ಲ, ಟ್ಯಾಂಕಿನ ಫ್ಲೋಟ್ ವಾಲ್ವ್ ಪರೀಕ್ಷಿಸಿ.

ಮಟ್ಟ ಸರಿಯಿದ್ದರೆ ಮುಂದಿನದು ಸ್ಟ್ರೈನರ್ ಮುಚ್ಚಳದ ಓ-ರಿಂಗ್, ಅಂದರೆ ರಬ್ಬರ್ ಬಳೆ. ಎಂಸಿಬಿ ಆಫ್ ಮಾಡಿ. ಪಂಪ್ ಕೊಳಕ್ಕಿಂತ ಕೆಳಗಿದ್ದರೆ ಸಕ್ಷನ್ ಮತ್ತು ಡೆಲಿವರಿ ವಾಲ್ವ್ ಎರಡನ್ನೂ ಮುಚ್ಚಿ, ಮುಚ್ಚಳ ತೆಗೆಯಿರಿ. ರಿಂಗನ್ನು ಬೆರಳ ಮೇಲೆ ಬಾಗಿಸಿ: ಕೂದಲೆಳೆಯಂಥ ಬಿರುಕು ಕಂಡರೆ, ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಅದು ಕೂರುವ ಕಾಲುವೆಯಲ್ಲಿ ಒಂದು ಮರಳ ಕಣ, ಒಂದು ಕೂದಲು ಇದ್ದರೂ ಸಾಕು ಗಾಳಿಗೆ. ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್, ವಾಹನದ ಗ್ರೀಸ್ ಬೇಡ; ಪೆಟ್ರೋಲಿಯಂ ತಾಗಿದರೆ ಇಪಿಡಿಎಂ ರಬ್ಬರ್ ಊದಿಕೊಳ್ಳುತ್ತದೆ. ಸ್ಟ್ರೈನರ್ ಕೆಳಗಿನ ಡ್ರೈನ್ ಪ್ಲಗ್ಗಿಗೂ ಪುಟ್ಟ ಓ-ರಿಂಗ್ ಇದೆ, ಎಲ್ಲರೂ ಮರೆಯುವುದು ಅದನ್ನೇ.

ಇಷ್ಟಕ್ಕೂ ನಿಲ್ಲದಿದ್ದರೆ ಪಂಪ್ ಓಡಿಸಿ, ಶೇವಿಂಗ್ ಫೋಮನ್ನು ಒಂದೊಂದು ಜಾಯಿಂಟಿಗೆ ಹಚ್ಚಿ: ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜಾಯಿಂಟ್), ವಾಲ್ವ್ ಹಿಡಿಯ ಬುಡ, ಪಂಪಿನ ಬಾಯಿಗೆ ತಿರುಗಿಸಿದ ಎಂಟಿಎ (ಹೊರಗೆ ಥ್ರೆಡ್ ಇರುವ ಪ್ಲಾಸ್ಟಿಕ್ ಅಡಾಪ್ಟರ್). ರಂಧ್ರವಿದ್ದಲ್ಲಿ ಫೋಮ್ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ. ಅದೇ ಕ್ಷಣ ಮುಚ್ಚಳದೊಳಗಿನ ಗುಳ್ಳೆ ಕಡಿಮೆಯಾದರೆ ಜಾಗ ಸಿಕ್ಕಿತು. ಮೋಟಾರಿನ ಕಡೆ ನೀರು ಸಿಡಿಸಬೇಡಿ.

ಎಂಟಿಎ ಕೆಡುವುದಕ್ಕೆ ಸಾಮಾನ್ಯ ಕಾರಣ ಡ್ರೈ ರನ್. ನೀರಿಲ್ಲದೆ ಪಂಪ್ ಓಡಿದರೆ ಒಳಗೆ ಬಿಸಿಯೇರಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಥ್ರೆಡ್ ಕುಗ್ಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಟೆಫ್ಲಾನ್ ಟೇಪನ್ನು ಗಡಿಯಾರದ ದಿಕ್ಕಿನಲ್ಲಿ 5–6 ಸುತ್ತು ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಬಿಗಿದ ಮೇಲೆ ಪಾನಾದಲ್ಲಿ ಸ್ವಲ್ಪವೇ ತಿರುಗಿಸಿ. ಪೈಪ್ ರೆಂಚ್ ಹಾಕಿ ಜಗ್ಗಿದರೆ ಪಂಪಿನ ಬಾಡಿಯೇ ಸೀಳುತ್ತದೆ. ಅಂಟಿಸಿದ ಜಾಯಿಂಟ್ ಬಿಟ್ಟಿದ್ದರೆ ಕತ್ತರಿಸಿ ಹೊಸದಾಗಿ ಸಾಲ್ವೆಂಟ್ ಸಿಮೆಂಟ್ ಹಾಕಿ, 24 ಗಂಟೆ ಬಿಡಿ. ಮೇಲಿಂದ ಮೆತ್ತುವ ಎಂ-ಸೀಲ್ ಹೊಸ ಪೈಪ್ ಬರುವವರೆಗಿನ ಏರ್ಪಾಡು, ಅಷ್ಟೇ.

ಕಣ್ಣಿಗೆ ಕಾಣುವ ಜಾಯಿಂಟ್‌ಗಳೆಲ್ಲ ಸರಿಯಿದ್ದರೆ ಲೈನ್‌ಗಳನ್ನು ಬೇರ್ಪಡಿಸಿ ನೋಡಿ. ಕೊಳದಲ್ಲಿ ಯಾರೂ ಇರಬಾರದು: ಸ್ಕಿಮ್ಮರ್ ಮುಚ್ಚಿದಾಗ ಎಳೆತವೆಲ್ಲ ತಳದ ಮೇನ್ ಡ್ರೈನಿಗೆ ಹೋಗುತ್ತದೆ, ಕೂದಲು, ಕೈಕಾಲು ಹಿಡಿದಿಡುವಷ್ಟು ಜೋರಾಗಿ. ಸ್ಕಿಮ್ಮರ್, ಮೇನ್ ಡ್ರೈನ್, ವ್ಯಾಕ್ಯೂಮ್ (ತಳದ ಕೊಳೆ ಎಳೆಯುವ) ಲೈನ್‌ಗಳಲ್ಲಿ ಒಂದೊಂದನ್ನೇ ಮುಚ್ಚಿ ಎರಡು–ಮೂರು ನಿಮಿಷ ಗಮನಿಸಿ. ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಡಿ. ಯಾವುದನ್ನು ಮುಚ್ಚಿದಾಗ ಗುಳ್ಳೆ ನಿಲ್ಲುತ್ತದೋ ತೂತು ಆ ಲೈನಿನಲ್ಲಿದೆ. ಅದು ನೆಲದಡಿ ಇದ್ದರೂ ಟೈಲ್ಸ್ ಒಡೆಯುವ ಆತುರ ಬೇಡ. ಎರಡೂ ತುದಿಗೆ ಪ್ಲಗ್ ಹಾಕಿ, ನೀರು ತುಂಬಿಸಿ, 1 ಕೆಜಿ ಪ್ರೆಶರ್ ಕೊಟ್ಟು ಅರ್ಧ ಗಂಟೆ ಮುಳ್ಳು ಇಳಿಯುತ್ತದೋ ನೋಡಿ. ಕಂಪ್ರೆಸರ್ ಗಾಳಿ ತುಂಬಿಸಬೇಡಿ, ಪಿವಿಸಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ರಿಪೇರಿ ಮುಗಿದ ಮೇಲೆ ಸ್ಟ್ರೈನರಿಗೆ ನೀರು ತುಂಬಿಸಿ ಮುಚ್ಚಿ, ವಾಲ್ವ್‌ಗಳನ್ನು ತೆರೆಯಿರಿ. ಫಿಲ್ಟರಿನ ಏರ್ ರಿಲೀಸ್ ವಾಲ್ವ್ ತೆರೆದಿಟ್ಟೇ ಮೋಟಾರ್ ಹಾಕಿ, ಫಿಲ್ಟರ್ ಟ್ಯಾಂಕಿನಿಂದ ದೂರ ನಿಲ್ಲಿ. ಒಳಗೆ ಒತ್ತಿದ ಗಾಳಿ ಕ್ಲ್ಯಾಂಪ್ ಸಮೇತ ಮುಚ್ಚಳ ಹಾರಿಸಬಲ್ಲದು. ಆ ವಾಲ್ವಿನಿಂದ ನೀರು ಒಂದೇ ಸಮನೆ ಬಂದಾಗ ಅದನ್ನು ಮುಚ್ಚಿ, ಗೇಜಿನ ರೀಡಿಂಗನ್ನು ಫಿಲ್ಟರ್ ಮೇಲೆ ಮಾರ್ಕರಿನಲ್ಲಿ ಬರೆಯಿರಿ.