ಎಂಜಿಬಿಗೆ ವೆಬರ್ ಬೇಡ ಅಂದೆ: ಜೋಡಿ ಎಸ್‌ಯು ಕಾರ್ಬೊರೇಟರ್ ಹೊಂದಿಸಿದ ನನ್ನ ಅನುಭವ

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನಾನು ಕೊಂಡ ಗಾಡಿ 1967ರ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲ್ಛಾವಣಿ ತೆರೆಯುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ನನ್ನದರಲ್ಲಿ 1798 ಸಿಸಿ ಇಂಜಿನ್, ಪಕ್ಕದಲ್ಲಿ ಜೋಡಿ ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ). ಕೊಂಡಾಗ ಅದರ ಐಡ್ಲಿಂಗ್ ಒಂದೇ ಸಮ ಇರುತ್ತಿರಲಿಲ್ಲ, ಪೆಟ್ರೋಲ್ ವಾಸನೆ ಜಾಸ್ತಿ, ಪಿಕಪ್ ಇಲ್ಲ. ಬಾನೆಟ್ ಎತ್ತಿ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಇವನ್ನು ಕಿತ್ತು ಒಂದು ವೆಬರ್ (ಇನ್ನೊಂದು ಕಂಪನಿಯ ಕಾರ್ಬೊರೇಟರ್) ಹಾಕು.

ವೆಬರ್ 45 ಡಿಸಿಒಇ ನೋಡಲು ಚೆಂದ, ಗಾಳಿ ಎಳೆಯುವ ಸದ್ದು ಇನ್ನೂ ಚೆಂದ. ಆದರೆ ಅದರ ಪೂರ್ತಿ ಲಾಭ ಸಿಗುವುದು ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಬಾಯಿ ಇದ್ದಾಗ. ಎಂಜಿಬಿಯ ಬಿ-ಸೀರೀಸ್ ಇಂಜಿನ್ನಿನ ಹೆಡ್‌ನಲ್ಲಿ (ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ) ಗಾಳಿ ಒಳಗೆ ಹೋಗಲು ಇರುವುದೇ ಎರಡು ದಾರಿ. 1 ಮತ್ತು 2ನೇ ಸಿಲಿಂಡರಿಗೆ ಸೇರಿ ಒಂದು, 3 ಮತ್ತು 4ಕ್ಕೆ ಸೇರಿ ಇನ್ನೊಂದು. ಹೆಡ್ ಹಾಗೇ ಇಟ್ಟುಕೊಂಡು ಕಾರ್ಬೊರೇಟರ್ ಮಾತ್ರ ಬದಲಿಸಿದರೆ ರೇಸ್ ಓಡಿಸದ ನನ್ನಂಥವನಿಗೆ ಸಿಗುವುದು ಕಮ್ಮಿ. ಖರ್ಚು ಮಾತ್ರ ಕಮ್ಮಿಯಲ್ಲ. ಚೋಕ್, ಮೇನ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್, ಐಡಲ್ ಜೆಟ್, ಪಂಪ್ ಜೆಟ್ ಅಂತ ಒಳಗಿನ ಒಂದೊಂದು ಭಾಗವನ್ನೂ ಆರಿಸಬೇಕು (ಜೆಟ್ ಅಂದರೆ ಪೆಟ್ರೋಲ್ ಅಥವಾ ಗಾಳಿ ಹಾಯುವ ಸಣ್ಣ ರಂಧ್ರದ ತುಣುಕು). ಸರಿಯಾಗಿ ಆರಿಸಲು ರೋಲಿಂಗ್ ರೋಡ್ (ನಿಂತಲ್ಲೇ ಚಕ್ರ ಓಡಿಸಿ ಇಂಜಿನ್ ಪರೀಕ್ಷಿಸುವ ಉರುಳೆ ಯಂತ್ರ) ಮೇಲೆ ಗಾಡಿ ಹತ್ತಿಸಬೇಕು. ಬೇಡಪ್ಪ ಅಂದುಕೊಂಡೆ.

ಎಸ್‌ಯು ಇದಕ್ಕೆ ಪೂರ್ತಿ ಉಲ್ಟಾ. ಇದನ್ನು ಕಂಡುಹಿಡಿದ ಸ್ಕಿನ್ನರ್ ಸೋದರರದು ಚಪ್ಪಲಿ-ಬೂಟು ವ್ಯಾಪಾರದ ಮನೆತನ. ಅದಕ್ಕೇ ಇರಬೇಕು, ಮೊದಲ ಮಾದರಿಯೊಳಗೆ ಇದ್ದದ್ದು ಚರ್ಮದ ತಿದಿ! ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಪಿಸ್ಟನ್ ಅಷ್ಟು ಮೇಲೇಳುತ್ತದೆ. ಅದರ ಕೆಳಗೆ ಚೂಪಾದ ಸೂಜಿ ಇದೆ. ಸೂಜಿ ಮೇಲೆದ್ದಷ್ಟೂ ಜೆಟ್‌ನಲ್ಲಿ ಜಾಗ ಹೆಚ್ಚಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಇಡೀ ಕಾರ್ಬೊರೇಟರಿಗೆ ಒಂದೇ ಜೆಟ್, ಒಂದೇ ಸೂಜಿ.

ಕಾರ್ಬೊರೇಟರ್ ಮುಟ್ಟುವ ಮೊದಲು ಉಳಿದದ್ದನ್ನೆಲ್ಲ ಸರಿ ಮಾಡಿಕೊಂಡೆ. ಟ್ಯಾಪೆಟ್ (ವಾಲ್ವ್) ಸಂದು 15 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಇಗ್ನಿಷನ್ ಪಾಯಿಂಟ್ ಸಂದು 15 ಥೌ, ಪ್ಲಗ್ ಸಂದು 25 ಥೌ, ಆಮೇಲೆ ಕಿಡಿಯ ಟೈಮಿಂಗ್. ಅರ್ಧ ರೋಗ ಅಲ್ಲೇ ವಾಸಿಯಾಯಿತು. ಇದನ್ನು ಬಿಟ್ಟು ನೇರ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಬೆರಕೆಯ ಪ್ರಮಾಣ) ತಿರುಗಿಸುತ್ತಾ ಕೂತರೆ ದಿನವೆಲ್ಲ ತಿರುಗಿಸುತ್ತಲೇ ಇರಬೇಕು.

ಉಳಿದ ಅರ್ಧ ರೋಗ ಥ್ರಾಟಲ್ ಸ್ಪಿಂಡಲ್‌ನಲ್ಲಿ, ಅಂದರೆ ಗಾಳಿಯ ದಾರಿ ತೆರೆಯುವ ತಟ್ಟೆ ಕೂತು ತಿರುಗುವ ಕಡ್ಡಿಯಲ್ಲಿ ಇತ್ತು. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಪಿಂಡಲ್ ತುದಿಗೆ ಕಾರ್ಬ್ ಕ್ಲೀನರ್ ಸ್ವಲ್ಪ ಸ್ಪ್ರೇ ಮಾಡಿ ನೋಡಿ (ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಕೈಗೆಟಕುವಲ್ಲಿ ಅಗ್ನಿಶಾಮಕ ಇಟ್ಟುಕೊಂಡು). ಇಂಜಿನ್ ಸದ್ದು ಬದಲಾದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ನನ್ನದರಲ್ಲಿ ಎರಡೂ ಕಡೆ ಬದಲಾಯಿತು. ಬೆರಳಿನಿಂದ ಅಲುಗಿಸಿದರೆ ಸ್ಪಿಂಡಲ್ ಲಟಲಟ ಅನ್ನುತ್ತಿತ್ತು. ಕಾರ್ಬೊರೇಟರ್ ಬಾಡಿಗಳಿಗೆ ಹೊಸ ಬುಷ್ (ಸ್ಪಿಂಡಲ್ ಕೂರುವ ಬಳೆ) ಹಾಕಿಸಿ, ಹೊಸ ಸ್ಪಿಂಡಲ್ ಕೂಡಿಸಿದೆ. ಥ್ರಾಟಲ್ ತಟ್ಟೆಯನ್ನು ಹಿಡಿಯುವುದು ಎರಡು ಪುಟ್ಟ ಸ್ಕ್ರೂ. ಅವುಗಳ ತುದಿ ಸೀಳಿರುತ್ತದೆ. ಬಿಗಿ ಮಾಡಿದ ಮೇಲೆ ಆ ಸೀಳನ್ನು ಅಗಲಿಸಲೇಬೇಕು. ಇಲ್ಲದಿದ್ದರೆ ಒಂದು ದಿನ ಸಡಿಲವಾಗಿ ಸೀದಾ ಇಂಜಿನ್ ಒಳಗೆ ಬೀಳುತ್ತದೆ.

ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟ ಜೋಡಿಯಾಗಿ ತಯಾರಾದವು. ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಸೂಜಿಯ ಭುಜ ಪಿಸ್ಟನ್ನಿನ ಕೆಳಮುಖಕ್ಕೆ ಸರಿಸಮ ಇರಬೇಕು. ಜೆಟ್ ನಡುವಿಗೆ ಬಂದಿದೆಯೋ ಇಲ್ಲವೋ ಅಂತ ಕಿವಿಗೇ ಗೊತ್ತಾಗುತ್ತದೆ: ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಲೋಹದ ಸದ್ದು ಬರಬೇಕು. ಮಂಕಾಗಿ ಇಳಿದರೆ ಸೂಜಿ ಎಲ್ಲೋ ಉಜ್ಜುತ್ತಿದೆ.

ಇನ್ನು ಟ್ಯೂನಿಂಗ್. ಏರ್ ಫಿಲ್ಟರ್ ತೆಗೆದು, ಎರಡು ಕಾರ್ಬೊರೇಟರನ್ನೂ ಸೇರಿಸುವ ಕ್ಲ್ಯಾಂಪ್‌ಗಳನ್ನು ಸಡಿಲ ಮಾಡಿದೆ. ಜೆಟ್ ಅನ್ನು ಸೇತುವೆಯ (ಪಿಸ್ಟನ್ ಕೆಳಗೆ ಗಾಳಿ ಹಾಯುವ ದಾರಿಯ ತಳದ) ಮಟ್ಟಕ್ಕೆ ತಂದು, ಅಲ್ಲಿಂದ ಎರಡು ಸುತ್ತು ಕೆಳಗೆ. ಜೆಟ್ ಹೊಂದಿಸುವ ನಟ್‌ಗೆ ಆರು ಮುಖ, ಅಂದರೆ ಎರಡು ಸುತ್ತಿಗೆ ಹನ್ನೆರಡು ಮುಖ. ಕೆಳಗೆ ಇಳಿಸಿದರೆ ಪೆಟ್ರೋಲ್ ಜಾಸ್ತಿ, ಮೇಲಕ್ಕೆ ಏರಿಸಿದರೆ ಕಮ್ಮಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಎರಡರಲ್ಲೂ ಸುಯ್ ಅನ್ನುವ ಸದ್ದು ಒಂದೇ ತರ ಆಗುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿದೆ. ಇದಕ್ಕೆ ಗಾಳಿ ಅಳೆಯುವ ಮೀಟರ್ ಸಿಗುತ್ತದೆ, ನನ್ನ ಹತ್ತಿರವೂ ಇದೆ. ಆದರೂ ಪೈಪೇ ನನಗೆ ಇಷ್ಟ.

ಈ ಕೆಲಸಕ್ಕೆ ಆವತ್ತು ಜೊತೆಗಿದ್ದವನು ದಾವಣಗೆರೆಯಿಂದ ಬಂದಿದ್ದ ನನ್ನ ಭಾಮೈದ. ಕಣ್ಣು ಮುಚ್ಚಿ ಕೇಳಿ, "ಭಾವ, ಇದು ಅಂಬಾಸಿಡರ್ ಸದ್ದೇ ಅಲ್ವಾ?" ಅಂದ. ಸುಮ್ನೆ ಅಂದದ್ದಲ್ಲ. ಅಂಬಾಸಿಡರಿನ ಹಳೆಯ 1489 ಸಿಸಿ ಇಂಜಿನ್ನೂ ಇದೇ ಬಿ-ಸೀರೀಸ್ ಕುಟುಂಬದ್ದು.

ಮಿಕ್ಸ್ಚರ್ ನೋಡುವ ಕ್ರಮ ಇದು. ಕಾರ್ಬೊರೇಟರಿನ ಕೆಳಗೆ ಪಿಸ್ಟನ್ ಎತ್ತುವ ಸಣ್ಣ ಪಿನ್ ಇದೆ. ಅದರಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಬೇಕು. ಇಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಇಳಿದು ನಿಲ್ಲುವಂತಾದರೆ ಕಮ್ಮಿ. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದೊಂದೇ ಮುಖ ತಿರುಗಿಸಿ, ಪ್ರತಿ ಸಲ ಎಕ್ಸಿಲೇಟರ್ ಒಮ್ಮೆ ಕೊಟ್ಟು, ಮತ್ತೆ ಪಿನ್ ಎತ್ತಿ ನೋಡುತ್ತಾ ಹೋದೆ. ಒಂದನ್ನು ಮುಟ್ಟಿದರೆ ಇನ್ನೊಂದೂ ಬದಲಾಗುತ್ತದೆ, ಹಾಗಾಗಿ ಆತುರ ಬೇಡ. ಕೊನೆಗೆ ಪೈಪ್ ಹಿಡಿದು ಮತ್ತೆ ಕೇಳಿ, ಎರಡು ಥ್ರಾಟಲ್ಲೂ ಒಟ್ಟಿಗೆ ತೆರೆಯುವಂತೆ ಕ್ಲ್ಯಾಂಪ್ ಬಿಗಿ ಮಾಡಿದೆ.

ಆಮೇಲೂ ಎಕ್ಸಿಲೇಟರ್ ಜೋರಾಗಿ ಒತ್ತಿದರೆ ಗಾಡಿ ಒಂದು ಕ್ಷಣ ಮುಗ್ಗರಿಸುತ್ತಿತ್ತು. ಗುಮ್ಮಟದ ತಲೆಯ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಇರಲಿಲ್ಲ. ಆ ಎಣ್ಣೆ ಪಿಸ್ಟನ್ ದಿಢೀರ್ ಅಂತ ಮೇಲೇಳದಂತೆ ತಡೆಯುತ್ತದೆ, ಆಗ ಆ ಕ್ಷಣಕ್ಕೆ ಬೇಕಾದ ಪೆಟ್ರೋಲ್ ಸಿಗುತ್ತದೆ. 20 ಗ್ರೇಡಿನ ಎಣ್ಣೆಯನ್ನು ಪಿಸ್ಟನ್ನಿನ ಟೊಳ್ಳು ಕಡ್ಡಿಯ ತುದಿಯಿಂದ ಅರ್ಧ ಇಂಚು ಮೇಲಿನವರೆಗೆ ತುಂಬಿದೆ. ಮುಗ್ಗರಿಸುವುದು ನಿಂತಿತು.

ಸೂಜಿ ಬದಲಿಸಲಿಲ್ಲ. ನನ್ನದರಲ್ಲಿರುವುದು 5ನೇ ನಂಬರಿನದು. ಪೆಟ್ರೋಲ್ ಹೆಚ್ಚು ಕೊಡುವ 6 ಹಾಕಿ ಅಂತ ಕೆಲವರು ಹೇಳುತ್ತಾರೆ. ಕಂಪನಿಯದೇ ಏರ್ ಫಿಲ್ಟರ್ ಇರುವವರೆಗೆ ಅದರ ಅಗತ್ಯ ನನಗೆ ಕಾಣಲಿಲ್ಲ. ಹೆದ್ದಾರಿಯಲ್ಲಿ ಓಡಿಸಿ ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ತಿಳಿ ಕಂದು, ಅಂದರೆ ಮಿಕ್ಸ್ಚರ್ ಸರಿ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್‌ನಲ್ಲಿ 10 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ಮಿಕ್ಸ್ಚರನ್ನು ತುಸು ತೆಳು ಮಾಡುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ. ಹಾಗಾಗಿ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದ್ದೇನೆ. ಸ್ವಲ್ಪ ದುಬಾರಿಯಾದರೂ 5 ಪರ್ಸೆಂಟಿನ ಸೂಪರ್ ಪೆಟ್ರೋಲನ್ನೇ ಹಾಕಿಸುತ್ತೇನೆ.