ಲಂಟಾನ ಕಾಡನ್ನು ಎಷ್ಟು ಕೆಡಿಸಿದೆ? ಅಳೆಯುವುದು ಹೀಗೆ

ಹೊರದೇಶದಿಂದ ಬಂದ ಮುಳ್ಳುಪೊದೆಯ ಕಳೆ ಲಂಟಾನ ಹಬ್ಬಿದ ಕಡೆ ಹುಲ್ಲೂ ಕಡಿಮೆ, ಮರದ ಸಸಿಗಳೂ ಕಡಿಮೆ. ಇದು ಕಣ್ಣಿಗೇ ಕಾಣುತ್ತದೆ ಅಲ್ವಾ? ಆದರೆ ಲಂಟಾನ ಬಂದು ಸಸಿಗಳು ಹೋದವೋ, ಮರ ಕಡಿದು, ದನ ಮೇಯಿಸಿ ಖಾಲಿಯಾದ ಜಾಗಕ್ಕೆ ಲಂಟಾನ ಬಂತೋ? ಹೊರಗಿನಿಂದ ಬಂದದ್ದೆಲ್ಲ ಹಾನಿ ಮಾಡುವುದಿಲ್ಲ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವೈಜ್ಞಾನಿಕ ವರದಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2023ರ ವರದಿ ಪ್ರಕಾರ ಮನುಷ್ಯರಿಂದಾಗಿ ಬೇರೆ ನೆಲಕ್ಕೆ ಬಂದು ಊರಿದ ಜೀವಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರ ಎಂದು ಗುರುತಾದವು 3,500ಕ್ಕೂ ಹೆಚ್ಚು. ಅದಕ್ಕೇ ಅಳೆದು ನೋಡಬೇಕು.

ಮೊದಲು ಜಾಗದವರಿಂದ, ಕಾಡಾದರೆ ಅರಣ್ಯ ಇಲಾಖೆಯಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಫೈಬರ್ ಟೇಪು, ಗೂಟ, ಪುಸ್ತಕ, ಪೆನ್ಸಿಲ್ ಸಾಕು. ನೈಲಾನ್ ಹಗ್ಗದಲ್ಲಿ ಅಳೆಯಬೇಡಿ, ಎಳೆದರೆ ಉದ್ದವಾಗುತ್ತದೆ. ಬಟ್ಟೆ ಟೇಪೂ ಬೇಡ.

ಎಲ್ಲರೂ ಎಡವುವುದು ಜಾಗ ಆರಿಸುವಾಗ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ರಸ್ತೆ ಬದಿಯ ಲಂಟಾನ ಪೊದೆಯನ್ನು ಒಳಗಿನ ದಟ್ಟ ಕಾಡಿನ ಜೊತೆ ಹೋಲಿಸಿ, ವ್ಯತ್ಯಾಸವನ್ನೆಲ್ಲ ಕಳೆಯ ತಲೆಗೆ ಕಟ್ಟುತ್ತಾರೆ. ರಸ್ತೆ ಬದಿಯಲ್ಲಿ ಬಿಸಿಲು ಬೇರೆ, ಮಣ್ಣು ಬೇರೆ, ಓಡಾಟ ಬೇರೆ. ಹಾಗೆ ಮಾಡಬೇಡಿ. ಲಂಟಾನ ಇರುವ ಕಡೆಯೇ 10 ಮೀಟರ್ ಉದ್ದ, 10 ಮೀಟರ್ ಅಗಲದ ಎರಡು ಚೌಕ ಹಾಕಿ. ಇಳಿಜಾರು, ನೆರಳು, ಪೊದೆಯ ದಟ್ಟಣೆ ಎರಡರಲ್ಲೂ ಒಂದೇ ಥರ ಇರಲಿ. ಯಾವುದರಲ್ಲಿ ಲಂಟಾನ ಕೀಳುವುದು, ಯಾವುದನ್ನು ಹಾಗೇ ಬಿಡುವುದು ಎಂದು ನಾಣ್ಯ ಹಾರಿಸಿ ನಿರ್ಧರಿಸಿ. ನಾವೇ ಆರಿಸಿದರೆ ಕೀಳಲು ಸುಲಭವಾದ, ಪೊದೆ ತೆಳುವಾಗಿರುವ ಕಡೆಗೇ ಕೈ ಹೋಗುತ್ತದೆ. ಇಂಥ ಒಂದು ಜೋಡಿ ಸಾಲದು. ಎಂಟಕ್ಕಿಂತ ಕಡಿಮೆ ಇದ್ದರೆ ನಾನಂತೂ ಒಪ್ಪುವುದಿಲ್ಲ.

ಕೀಳುವ ಮೊದಲೇ ಒಮ್ಮೆ ಎಣಿಸಿ. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಹುಲ್ಲು, ಸಣ್ಣ ಸಸಿಗಳನ್ನು ಎಣಿಸಲು ದೊಡ್ಡ ಚೌಕದೊಳಗೆ 1 ಮೀಟರ್‌ನ ಪುಟ್ಟ ಚೌಕಗಳು ಬೇಕು. ಚೌಕಟ್ಟನ್ನು ಸುಮ್ನೆ ಬೆನ್ನ ಹಿಂದೆ ಎಸೆದು, ಬಿದ್ದಲ್ಲಿ ಎಣಿಸುವವರಿದ್ದಾರೆ. ಅದು ಮುಳ್ಳಿನ ಪೊದೆಯೊಳಗೆ ಇಳಿಯುವುದೇ ಇಲ್ಲ, ಅಂಚಿನ ಬಯಲಲ್ಲೇ ಬೀಳುತ್ತದೆ. ಜಾಗಕ್ಕೆಲ್ಲ ನಂಬರ್ ಕೊಟ್ಟು ಚೀಟಿ ಎತ್ತಿ. ಚೀಟಿ ಹೇಳಿದ ಕಡೆ, ಮುಳ್ಳು ಚುಚ್ಚಿದರೂ, ಕೂತು ಎಣಿಸಿ.

ನೆಲದ ಮೇಲೆ ಕಡಿದರೆ ಲಂಟಾನ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಸ್ವಲ್ಪ ಕೆಳಗೆ ಬೇರು ಕತ್ತರಿಸಿ, ಬುಡ ಮೇಲಾಗಿಸಿ ಒಣಗಲು ಬಿಡಿ. ಜೆಸಿಬಿ ಬೇಡವೇ ಬೇಡ. ಮಣ್ಣೆಲ್ಲ ಅಡಿಮೇಲಾದರೆ ನೀವು ಅಳೆಯುವುದು ಯಂತ್ರದ ಪರಿಣಾಮವನ್ನು. ಚೌಕದ ಸುತ್ತ 2 ಮೀಟರ್ ಪಟ್ಟಿಯನ್ನೂ ತೆಗೆಯಿರಿ, ಇಲ್ಲದಿದ್ದರೆ ಪಕ್ಕದ ಪೊದೆಯ ನೆರಳು ಒಳಗೆ ಬೀಳುತ್ತದೆ.

ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ಎರಡೂ ಚೌಕಗಳಲ್ಲಿ ಎಣಿಕೆ. ಸ್ಥಳೀಯ ಸಸಿ, ಲಂಟಾನ ಸಸಿ, ಬೇರೆ ಕಳೆ ಬೇರೆಬೇರೆ ಬರೆಯಿರಿ. ಎಳೆ ಸಸಿಯ ಹೆಸರಿಗೆ ಮೊಬೈಲ್ ಆ್ಯಪ್ ನಂಬಬೇಡಿ. ‘ಗೊತ್ತಿಲ್ಲದ್ದು 1’ ಎಂದು ಬರೆದು, ಚೌಕದ ಹೊರಗಿಂದ ಅಂಥದ್ದೇ ಗಿಡ ತಂದು ಒಣಗಿಸಿ, ಬಲ್ಲವರಿಗೆ ತೋರಿಸಿ. ಮೊದಲ ವರ್ಷ ಬಿಸಿಲು ಬಿದ್ದ ನೆಲದಲ್ಲಿ ಬೇರೆ ಕಳೆಗಳೇ ಜಾಸ್ತಿ ಎದ್ದು ನಿಲ್ಲಬಹುದು. ಅದನ್ನು ನೋಡಿ ತೀರ್ಮಾನ ಬರೆದುಬಿಡಬೇಡಿ. ಮೂರನೇ ಮಳೆಗಾಲದ ಎಣಿಕೆ ಮುಗಿಯುವವರೆಗೆ ಗೂಟಗಳು ಅಲ್ಲೇ ಇರಲಿ.