ಮೂರು ಸಲ ಸೋತು ನಾಲ್ಕನೇ ಸಲ ಗೆದ್ದ ಕವಲೇದುರ್ಗ–ದೇವಗಂಗೆ–ನಗರ ಸುತ್ತು

"ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನಕ್ಕೆ ಕವಲೇದುರ್ಗ, ದೇವಗಂಗೆ, ನಗರದ ಕೋಟೆ ಮೂರೂ ನೋಡಿ ರಾತ್ರಿ ಊಟಕ್ಕೆ ಶಿವಮೊಗ್ಗಕ್ಕೆ ವಾಪಸ್ಸಾ? ಆಗೋ ಮಾತು ಹೇಳು ಮಾರಾಯ." ಹೀಗೆಂದವರು ನಮ್ಮ ಭಾವ. ಕವಲೇದುರ್ಗ ಬೆಟ್ಟದ ಮೇಲಿನ ಕೋಟೆ, ದೇವಗಂಗೆ ಕಲ್ಲಿನ ಕೊಳಗಳು, ನಗರ ಅಂದರೆ ಹೊಸನಗರದ ಕಡೆಯ ಊರು. ಮೂರೂ ಕೆಳದಿ ಅರಸರಿಗೆ ಸೇರಿದ್ದವು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಪೇಟೆಯಲ್ಲೇ ಶಿವಪ್ಪನಾಯಕನ ಅರಮನೆ ಇದೆ. ಮುರಿದ ಕಲ್ಲು ನೋಡೋಕೆ ಇನ್ನೂರು ಕಿಲೋಮೀಟರ್ ಯಾಕೆ ಹೋಗ್ಬೇಕು?" ಅಂತಲೂ ಸೇರಿಸಿದರು. ಕೆಳದಿಯ ಅರಸ ಶಿವಪ್ಪನಾಯಕ ತೀರಿಕೊಂಡಿದ್ದು 1660ರಲ್ಲಿ. ತುಂಗೆಯ ದಡದ ಆ ಮರದ ಕಂಬಗಳ ಅರಮನೆ ಎದ್ದಿದ್ದು 18ನೇ ಶತಮಾನದಲ್ಲಿ, ಹೈದರಾಲಿಯ ಕಾಲಕ್ಕೆ. ಇದನ್ನು ಭಾವನಿಗೆ ಹೇಳಿದ್ದೇ ತಪ್ಪಾಯಿತು. ಮಾತು ಪಂದ್ಯಕ್ಕೆ ತಿರುಗಿತು.

ಮೊದಲ ಸಲ ಸೋಲಿಸಿದ್ದು ಆನೆಗಳು. ಬೆಳಿಗ್ಗೆ ಎಂಟಕ್ಕೆ ಹೊರಟೆವು. ತೀರ್ಥಹಳ್ಳಿ ರಸ್ತೆಯಲ್ಲಿ ಹೋಗುವವರಿಗೆ ಗೊತ್ತಿದೆ, ಅರ್ಧ ಗಂಟೆಯೊಳಗೆ ಸಕ್ರೆಬೈಲಿನ ಆನೆ ಬಿಡಾರ ಬರುತ್ತದೆ. ಆಗ ಆನೆಗಳ ಸ್ನಾನದ ಹೊತ್ತು. ಮಕ್ಕಳು ಕಾರಿನಿಂದ ಇಳಿದವರು ಮತ್ತೆ ಹತ್ತಲೇ ಇಲ್ಲ. ಅಲ್ಲಿಂದ ಬಿಡಿಸಿಕೊಂಡು ಬಂದರೆ ಮುಂದೆ ಮಂಡಗದ್ದೆಯ ಬೆಳ್ಳಕ್ಕಿಗಳು. ಕೋಟೆಯ ಬುಡಕ್ಕೆ ತಲುಪುವಾಗ ಹನ್ನೆರಡೂವರೆ. ಗದ್ದೆ ಬದಿಯ ದಾರಿ ದಾಟಿ ಮೊದಲ ಬಾಗಿಲು ಮುಟ್ಟುವಷ್ಟರಲ್ಲಿ ಚಿಕ್ಕವಳು ನನ್ನ ಹೆಗಲ ಮೇಲಿದ್ದಳು. ಅಲ್ಲಿಂದಲೇ ವಾಪಸ್. ಪೆಟ್ರೋಲು, ಊಟ, ಎಳನೀರು ಎಲ್ಲ ಸೇರಿ ಎರಡೂವರೆ ಸಾವಿರ ಹೋಯಿತು. ನೋಡಿದ್ದು ಒಂದು ಬಾಗಿಲು.

ಎರಡನೇ ಸಲ ಹೋಗಿದ್ದು ಜುಲೈಯಲ್ಲಿ. ಮಲೆನಾಡಿನವನಾಗಿ ಇಂಥ ತಪ್ಪು ಮಾಡಬಾರದಿತ್ತು. ಮಳೆಗಾಲದಲ್ಲಿ ಹಸಿರು ಚೆಂದ ಅಂತ ಹೇಳುವವರು ಆ ಹಾಸುಗಲ್ಲಿನ ಮೇಲೆ ಒಮ್ಮೆ ನಡೆಯಲಿ. ಪಾಚಿ ಕಟ್ಟಿದ ಕಲ್ಲು, ಮೊಣಕಾಲಿನವರೆಗೆ ಇಂಬಳ (ಜಿಗಣೆ), ಮೇಲೆ ಹೋದರೆ ಮಂಜು. ಎರಡು ಮಾರು ಆಚೆಯ ಗೋಡೆ ಕಾಣಲಿಲ್ಲ. ನಾನು ಜಾರಿ ಕೂತೆ, ಕಿಸೆಯಲ್ಲಿದ್ದ ಮೊಬೈಲ್ ನೀರು ಕುಡಿಯಿತು. ರಿಪೇರಿಗೆ ಮೂರು ಸಾವಿರದ ಮೇಲೆ ಆಯಿತು. ಹೆಂಡತಿ ಆ ಲೆಕ್ಕವನ್ನು ಇನ್ನೂ ಮುಗಿಸಿಲ್ಲ. ಇಂಬಳಕ್ಕೆ ಒಂದು ಕಾಲಿಗೆ ಹೊಗೆಸೊಪ್ಪಿನ ನೀರು, ಇನ್ನೊಂದು ಕಾಲಿಗೆ ಬಟ್ಟೆ ಸೋಪು ಹಚ್ಚಿ ಪರೀಕ್ಷೆ ಮಾಡಿದೆ. ಹೊಗೆಸೊಪ್ಪಿನ ಕಾಲಿಗೆ ಹತ್ತಿದ್ದು ಎರಡೋ ಮೂರೋ, ಸೋಪಿನ ಕಾಲಿಗೆ ಹತ್ತರ ಮೇಲೆ. ಮಳೆ ಸುರಿಯುವಾಗ ಸೋಪು ಎಷ್ಟು ಹೊತ್ತು ನಿಂತೀತು ಹೇಳಿ?

ಮೂರನೇ ಸಲ ಜಾಣನಾದೆ ಅಂದುಕೊಂಡೆ. ಸುತ್ತನ್ನೇ ತಿರುಗಿಸಿದೆ. ಹೊಸನಗರದ ಕಡೆಯಿಂದ ನಗರ, ಆಮೇಲೆ ದೇವಗಂಗೆ, ಕೊನೆಗೆ ಕವಲೇದುರ್ಗ. ಆದರೆ ನೀರು ಕಂಡ ಮಕ್ಕಳನ್ನು ಮೇಲೆಬ್ಬಿಸಿ ಬೆಟ್ಟ ಹತ್ತಿಸುವುದು ಯಾರ ಕೈಯಲ್ಲಾಗುತ್ತದೆ? ಕೋಟೆಯ ಬುಡಕ್ಕೆ ಬಂದಾಗ ಸೂರ್ಯ ಮುಳುಗುತ್ತಿದ್ದ. ಭಾವ ಫೋನ್ ಮಾಡಿ "ಹೆಂಗಾಯ್ತು?" ಅಂತ ಕೇಳಿದರು. ಸಿಗ್ನಲ್ ಇಲ್ಲ ಅಂತ ಸುಳ್ಳು ಹೇಳಿ ಕಟ್ ಮಾಡಿದೆ.

ಆ ರಾತ್ರಿ ಹೊಳೆದಿದ್ದು ಇಷ್ಟೇ. ನಾನು ಮ್ಯಾಪಿನ ಕಿಲೋಮೀಟರ್ ನೋಡಿ ಸುತ್ತು ಹಾಕುತ್ತಿದ್ದೆ. ನೋಡಬೇಕಿದ್ದಿದ್ದು ಬಿಸಿಲು ಮತ್ತು ಮಕ್ಕಳ ಕಾಲು. ಹತ್ತುವುದು ಬೆಳಿಗ್ಗೆ, ನೀರು ನಡು ಮಧ್ಯಾಹ್ನ, ರಸ್ತೆ ಬದಿಯ ಸಣ್ಣ ಗುಡ್ಡ ಸಂಜೆಗೆ. ಸಕ್ರೆಬೈಲನ್ನು ಕತ್ತಲಲ್ಲೇ ದಾಟಬೇಕು, ಮಕ್ಕಳಿಗೆ ಬೋರ್ಡು ಕೂಡ ಕಾಣಬಾರದು.

ನವೆಂಬರಿನ ಒಂದು ಶನಿವಾರ ಐದಕ್ಕೆ ಹೊರಟೆವು. ನಿದ್ದೆಯಲ್ಲಿದ್ದ ಮಕ್ಕಳನ್ನು ಹಾಗೇ ಎತ್ತಿ ಕಾರಿಗೆ ಹಾಕಿದ್ದು. ಏಳೂಕಾಲರ ಹೊತ್ತಿಗೆ ಕೋಟೆಯ ಬುಡದಲ್ಲಿದ್ದೆವು. ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಗೋಡೆ ಮೂರು ಸುತ್ತಿನದು, ಒಂದೊಂದು ಬಾಗಿಲಿನ ಬದಿಯಲ್ಲೂ ಕಾವಲಿನವರ ಜಗಲಿ. ಪ್ರತಿ ಜಗಲಿಯಲ್ಲೂ ಒಂದು ತುಂಡು ಕಥೆ, ಉಳಿದದ್ದು ಮುಂದಿನ ಬಾಗಿಲಲ್ಲಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡ ಚೆನ್ನಮ್ಮನ ಕಥೆ. "ಕಿತ್ತೂರಿನವಳಾ?" ಎಂದಳು ಚಿಕ್ಕವಳು. ಅಲ್ಲ, ಕೆಳದಿಯವಳು, ಅವಳಿಗಿಂತ ನೂರು ವರ್ಷಕ್ಕೂ ಹಿಂದಿನವಳು ಎಂದೆ. ಈ ಸಲ ಹೆಗಲು ಹತ್ತುವ ಮಾತೇ ಬರಲಿಲ್ಲ.

ಅರಮನೆ ಅಂದರೆ ಈಗ ಜಗಲಿ, ಕಂಬದ ಬುಡ, ಅರ್ಧ ಗೋಡೆ. ಮರದ ಮೇಲ್ಕಟ್ಟು ಹೋಗಿ ಕಾಲವಾಯಿತು. ಆದರೆ ಅಡುಗೆಮನೆಗೆ ಹೋಗಿ ನೋಡಿ. ಐದು ಪಾತ್ರೆ ಒಟ್ಟಿಗೆ ಇಡುವ ಕಲ್ಲಿನ ಒಲೆ ಇದೆ. ಹೆಂಡತಿ ಅದರ ಮುಂದೆ ಕಾಲು ಗಂಟೆ ನಿಂತಳು, ಮೊಬೈಲಿನ ಲೆಕ್ಕ ಅಷ್ಟು ಹೊತ್ತು ಮರೆತಿದ್ದಳು. ಸ್ನಾನದ ಜಾಗ, ನೀರು ಹೋಗುವ ಕಲ್ಲಿನ ದಾರಿ, ಮೆಟ್ಟಿಲಿನ ಕೊಳ ಎಲ್ಲ ಇವೆ. ಮಗ ಸುಮ್ನೆ ತನ್ನ ಬಾಟಲಿಯ ನೀರನ್ನು ಆ ಕಲ್ಲಿನ ದಾರಿಗೆ ಸುರಿದ. ಒಣಗಿದ ಎಲೆ ಸರಿಸಿದ ಮೇಲೆ ನೀರು ನಿಲ್ಲದೆ ಹರಿದು ಹೋಯಿತು. ಕಲ್ಲಿನ ಇಳಿಜಾರು ಇನ್ನೂ ಕೆಟ್ಟಿಲ್ಲ! ನಮ್ಮ ಮನೆಯ ಬಚ್ಚಲು ಕಟ್ಟಿಸಿದ ಎರಡು ವರ್ಷಕ್ಕೇ ಅದರಲ್ಲಿ ನೀರು ನಿಲ್ಲತೊಡಗಿತು, ಆ ಮೇಸ್ತ್ರಿಯನ್ನು ಇಲ್ಲಿಗೆ ಕರೆದುಕೊಂಡು ಬರಬೇಕಿತ್ತು.

ಶಿಖರೇಶ್ವರನ ಗುಡಿ ಮುಟ್ಟಿ, ಬುತ್ತಿಯ ಚಿತ್ರಾನ್ನ ಅಲ್ಲೇ ಮುಗಿಸಿ, ಹನ್ನೊಂದರ ಒಳಗೆ ಕೆಳಗಿದ್ದೆವು. ಅಲ್ಲಿಂದ ನಗರದ ಕಡೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ನಡುವೆ ಒಂದು ಮನೆಯಲ್ಲಿ ಮೊದಲೇ ಹೇಳಿದರೆ ಊಟ ಹಾಕುತ್ತಾರೆ. ಎಲ್ಲಿ ಅಂತ ಕೇಳಬೇಡಿ. ಅವರು ದಿನಕ್ಕೆ ಆರು ಜನಕ್ಕಿಂತ ಜಾಸ್ತಿ ಮಾಡುವುದಿಲ್ಲ, ಆ ಆರರಲ್ಲಿ ನಾಲ್ಕು ನಮ್ಮದೇ ಇರಲಿ.

ದೇವಗಂಗೆಗೆ ಒಂದೂವರೆಗೆ ಹೋದೆವು. ಕೆಳದಿಯವರು ಕಟ್ಟಿಸಿದ ಏಳು ಕೊಳ. ಗುಡ್ಡದಿಂದ ಬರುವ ನೀರು ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಹೊರಗೆ ಬಿಸಿಲು ಸುಡುವಾಗ ಇಲ್ಲಿ ಕಾಲಿಟ್ಟರೆ ಜುಮ್ ಅನ್ನುತ್ತದೆ. ಮಕ್ಕಳು ಎಲೆಗಳನ್ನು ತೇಲಿಬಿಟ್ಟು ಪಂದ್ಯ ಕಟ್ಟಿದರು. ಹಲಸಿನ ಎಲೆ ಮೂಲೆಯಲ್ಲೇ ಸುತ್ತುತ್ತ ಉಳಿಯಿತು, ಬಿದಿರೆಲೆ ಗೆದ್ದಿತು. ಇಲ್ಲಿ ನಾನು ಗಡಿಯಾರ ನೋಡಲಿಲ್ಲ. ಇನ್ನು ಹತ್ತುವುದು ಬಾಕಿ ಇರಲಿಲ್ಲವಲ್ಲ.

ನಗರದ ಕೋಟೆಗೆ ಅರ್ಧ ಗಂಟೆ ಸಾಕು ಅನ್ನುತ್ತಾರೆ. ನಮಗೆ ಒಂದು ಗಂಟೆ ಹಿಡಿಯಿತು. ಬಿದನೂರು ಅಂತಿದ್ದ ರಾಜಧಾನಿ 1763ರಲ್ಲಿ ಹೈದರಾಲಿಯ ಕೈಗೆ ಹೋಗಿ ಹೈದರನಗರ ಆಯಿತು, ಅದರ ಬಾಲ ಉಳಿದು ನಗರ. ದರ್ಬಾರಿನ ಜಾಗ, ಅಕ್ಕ-ತಂಗಿ ಕೊಳ, ಕೆಳಗೆ ಕೆರೆ. ನಾಲ್ಕೂವರೆಯ ಬಿಸಿಲು ಕೆರೆಯ ಮೇಲೆ ಬೀಳುವಾಗ ಫೋಟೋ ತೆಗೆಯಲು ಒಂದು ಜಾಗ ಇದೆ, ಅದನ್ನೂ ಹೇಳುವುದಿಲ್ಲ.

ಹೊಸನಗರ, ರಿಪ್ಪನ್‌ಪೇಟೆ ಮೇಲೆ ಬಂದು ಏಳೂವರೆಗೆ ಮನೆ. ಮೀಟರಿನಲ್ಲಿ ಇನ್ನೂರ ಹತ್ತು ಕಿಲೋಮೀಟರ್ ಚಿಲ್ಲರೆ. ಪೆಟ್ರೋಲಿಗೆ ಸಾವಿರದ ನಾನೂರು, ಊಟ-ಕಾಫಿಗೆ ಏಳುನೂರೋ ಎಂಟುನೂರೋ. ಹಿಂದಿನ ಮೂರು ಸೋಲಿಗೆ ಮೊಬೈಲೂ ಸೇರಿ ಹತ್ತು ಸಾವಿರ ದಾಟಿತ್ತು, ಅದನ್ನು ಇಲ್ಲಿ ಕೂಡಿಸುವುದು ಬೇಡ.

ಬಂದವನೇ ಭಾವನಿಗೆ ಐದು ಒಲೆಯ ಫೋಟೋ ಕಳಿಸಿದೆ. ಅವರೂ ಮುಂದಿನ ಭಾನುವಾರ ಹೋಗ್ತಾರಂತೆ. "ಆರಾಮಾಗಿ ತಿಂಡಿ ತಿಂದು ಎಂಟಕ್ಕೆ ಹೊರಡ್ತೀವಿ, ದಾರಿಯಲ್ಲಿ ಮೊಮ್ಮಕ್ಕಳಿಗೆ ಸಕ್ರೆಬೈಲೂ ತೋರಿಸ್ಬಹುದು, ಅಲ್ವಾ?" ಎಂದರು. ಖಂಡಿತ ತೋರಿಸಿ ಭಾವ ಎಂದೆ.